ತಂತಿಗೂ ಹಾಸುಗಲ್ಲಿಗೂ ನಡುವೆ

ನನ್ನ ಸಿಟ್ಟು ಓಣಿಗೆಲ್ಲ ಗೊತ್ತು. ವಾಡಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತು ಬಂದ ಸಿಟ್ಟು ಎಂದು ನಮ್ಮ ಮನೆಯವರು ಹೇಳುತ್ತಾರೆ. ಗಾಡಿ ಬಂದು ನಿಂತ ಮೇಲೆ ಓಡುತ್ತ ಬಂದು, ದೊಡ್ಡ ನೋಟು ಒಳಗೆ ತೂರಿಸಿ, "ಚಿತ್ತಾಪುರ ಒಂದ್ ಕೊಡ್ರಿ, ಲಗೂ ಲಗೂ" ಎನ್ನುವವರ ಜೊತೆ ದಿನಾ ಬಾಯಿ ಮಾಡುತ್ತಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ. ಆದರೆ ಕರೆಂಟಿನ ತಂತಿಯ ತಕರಾರಿನಲ್ಲಿ ಬಂದ ಸಿಟ್ಟು ಆ ಬಗೆಯದಲ್ಲ. ಅದು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನನಗೆ ಅನ್ನಿಸಿಯೂ ಇಲ್ಲ.

ನಾವಿರುವುದು ಶಹಾಬಾದಿನ ಒಂದು ಹಳೆಯ ಓಣಿಯಲ್ಲಿ. ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಒಂದೇ ಸಾಲು ಮನೆಗಳು. ಎದುರಿಗೆ ಮನೆಗಳಿಲ್ಲ. ಅಲ್ಲಿ ಕೆಲಸ ನಿಂತು ಎಷ್ಟೋ ಕಾಲವಾದ ಕಲ್ಲಿನ ಖಣಿಯಿದೆ, ಅದರ ತುಂಬ ಹಸಿರು ನೀರು. ಖಣಿಯ ಅಂಚು ಮಳೆಗಾಲಕ್ಕೊಮ್ಮೆ ಕುಸಿಯುವುದರಿಂದ ಆ ಬದಿಗೆ ಲೈಟಿನ ಕಂಬ ನಿಲ್ಲುವುದಿಲ್ಲ. ಹಾಗಾಗಿ ಕಂಬಗಳೆಲ್ಲ ಮನೆಗಳ ಬದಿಗೇ ನಿಂತಿವೆ. ಬತ್ತಲೆ ತಂತಿಗಳು ತಾರಸಿಯಂಥ ಮಾಳಿಗೆಗಳ ಅಂಚಿನ ಮೇಲೇ ಹಾದು ಹೋಗುತ್ತವೆ. ಬೇಸಿಗೆಯಲ್ಲಿ ಕಾದು ಜೋತುಬೀಳುತ್ತವೆ, ಮಳೆ ಹನಿದರೆ ಗುಂಯ್ ಎನ್ನುತ್ತವೆ.

ಮೇಲೆ ತಂತಿಯಾದರೆ ಕೆಳಗೆ ಕಲ್ಲು. ಮೊಳದಷ್ಟು ಮಣ್ಣು ಕೆರೆಯುವುದರೊಳಗೆ ಫರಸಿಕಲ್ಲಿನ ಹಾಸು, ಇಡೀ ಓಣಿಗೆ ಒಂದೇ ಚಪ್ಪಡಿ, ಸಿಗುತ್ತದೆ. ನಮ್ಮ ಸಾಲಿನ ಯಾವ ಮನೆಗೂ ಪಾಯವಿಲ್ಲ. ಹಿಂದಿನವರು ಮಣ್ಣು ಸರಿಸಿ, ಹಾಸು ಕಂಡ ಕೂಡಲೇ ಅದರ ಮೇಲೆಯೇ ಮಣ್ಣು ಮೆತ್ತಿ ಕಲ್ಲಿನ ಗೋಡೆ ಎಬ್ಬಿಸಿ, ಮೇಲೆ ಉದ್ದುದ್ದ ಫರಸಿ ಹೊದಿಸಿ ಸಂಸಾರ ಹೂಡಿದರು. "ನಮ್ಮ ಪಾಯಾ ದೇವರೇ ಹಾಕ್ಯಾನ" ಎಂದು ತಮ್ಮತಮ್ಮೊಳಗೆ ಜಂಬ ಪಡುತ್ತಾರೆ. ಹೊರಗಿನವರು ಕೇಳಿದರೆ, ಅದರಲ್ಲೂ ಹೆಣ್ಣು ನೋಡಲಿಕ್ಕೆ ಬಂದ ಬೀಗರು ಕೇಳಿದರೆ, "ಎದಿಮಟ ಪಾಯಾ ಅದ ರೀ" ಎನ್ನುತ್ತಾರೆ. ಪಾಯವಿಲ್ಲದ ಮನೆ ಎಂದರೆ ಮರ್ಯಾದೆ ಕಡಿಮೆಯಂತೆ. ಈ ಸುಳ್ಳು ನಮ್ಮ ಓಣಿಯಲ್ಲಿ ಎಷ್ಟು ಹಳೆಯದೆಂದರೆ, ಹೇಳುವವರಿಗೆ ಅದು ಸುಳ್ಳು ಎಂದು ನೆನಪೂ ಇರುವುದಿಲ್ಲ.

ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಒರಳು ಇದೆ. ಹೊರಗಿನಿಂದ ತಂದು ಹೂತದ್ದಲ್ಲ, ಅದೇ ಹಾಸಿನಲ್ಲಿ ಕೊರೆದದ್ದು. ಹಾಗಾಗಿ ಮೊದಲನೆಯ ಮನೆಯಲ್ಲಿ ಖಾರ ಕುಟ್ಟಿದರೆ ಕೊನೆಯ ಮನೆಯ ಹಲಗೆಯ ಮೇಲಿನ ತಂಬಿಗೆ ನಡುಗುತ್ತದೆ. ಮಿಕ್ಸರ್ ಎಲ್ಲರ ಮನೆಯಲ್ಲೂ ಇದೆ, ಆದರೆ ವರ್ಷದ ಖಾರವನ್ನೂ ಶೇಂಗಾ ಹಿಂಡಿಯನ್ನೂ ಯಾರೂ ಮಿಕ್ಸರಿಗೆ ಹಾಕುವುದಿಲ್ಲ. ಒನಕೆ ಬೀಳುವ ರೀತಿ ಕೇಳಿಯೇ ಯಾವ ಮನೆ, ಯಾರ ಕೈ ಎಂದು ನಾನು ಹೇಳಬಲ್ಲೆ. ಸಾಲಿನಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಯಾರೂ ಒರಳು ಮುಟ್ಟುವುದಿಲ್ಲ. ಅದರ ಬಾಯಿಗೆ ಒಂದು ಫರಸಿ ಮುಚ್ಚಿಬಿಡುತ್ತಾರೆ. ಸತ್ತವರ ಮನೆಯ ನೆಲ ನಡುಗಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಈಗ ನನ್ನ ತಂಗಿಯ ವಿಷಯ ಹೇಳಬೇಕು. ಈ ತಕರಾರಿನಲ್ಲಿ ಊರಿಗೆ ತಂತಿ ಕಂಡಿತು, ಓಣಿಗೆ ಕಲ್ಲು ಕಂಡಿತು, ನನಗೆ ಕಂಡದ್ದು ಅವಳೊಬ್ಬಳೇ. ಅವಳನ್ನು ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಗಂಡ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ. ಶುದ್ಧ ಎಚ್ಚರದಲ್ಲಿ ಹೊಡೆಯುತ್ತಿದ್ದ. ಒಂದು ಮುಂಜಾನೆ ಅವಳು ಹೊಲಿಗೆ ಮಷೀನಿನ ತಲೆಯೊಂದನ್ನೇ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಕೊಂಡು, ಅದರ ಕಾಲುಗಳನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ ನಮ್ಮ ಮನೆಗೆ ಬಂದುಬಿಟ್ಟಳು. "ಇದೊಂದ್ ನಂದಿತ್ತಕ್ಕಾ, ತಗೊಂಡ್ ಬಂದೀನಿ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕಬ್ಬಿಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ನಮ್ಮ ಮನೆಯಲ್ಲಿ ಒಳಗೆ ಇರುವುದು ಒಂದೇ ಕೋಣೆ. ಅದರಲ್ಲಿ ನಾವು ಗಂಡ ಹೆಂಡತಿ, ಹಾಸಿಗೆ ಹಿಡಿದ ನಮ್ಮ ಅತ್ತೆ, ಮೂಲೆಯಲ್ಲಿ ಅಡುಗೆ. ಮುಂದಿನ ಪಡಸಾಲೆ ಓಣಿಗೆ ತೆರೆದದ್ದು, ಕಲ್ಲಿನ ಕಂಬಗಳ ನಡುವೆ ಬಾಗಿಲು ಎಂಬುದೇ ಇಲ್ಲ. ತಂಗಿ ಅಲ್ಲಿಯೇ ಮಲಗಿದಳು, ಹಳೆಯ ಸ್ಟ್ಯಾಂಡೊಂದನ್ನು ಕೊಂಡು ಮಷೀನಿನ ತಲೆಯನ್ನು ಅದಕ್ಕೆ ಕೂರಿಸಿ ಅಲ್ಲಿಯೇ ಹೊಲಿದಳು. ಗಂಡ ಅವಳನ್ನು ಹುಡುಕಿಕೊಂಡು ಬಂದ. ನಾನು ವಾಡಿಯಲ್ಲಿ ಡ್ಯೂಟಿಯಲ್ಲಿರುವ, ನಮ್ಮ ಮನೆಯವರು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಯೇ ಬಂದ. ಪಡಸಾಲೆಯಿಂದ ರಟ್ಟೆ ಹಿಡಿದು ಅವಳನ್ನು ಓಣಿಯವರೆಗೂ ಎಳೆದ. ನಾವೆಲ್ಲ ಕಾಕು ಎಂದು ಕರೆಯುವ ಮೂಲೆ ಮನೆಯ ಹೆಂಗಸು ನೀರಿನ ಕೊಡ ಅವನ ಬೆನ್ನ ಮೇಲೆ ಎತ್ತಿಹಾಕಿದ ಮೇಲೆಯೇ ಬಿಟ್ಟ. ಪೊಲೀಸರು ಕರೆಸಿ ತಿಳಿಹೇಳಿ ಕಳಿಸಿದರು. ಅವನು ಮತ್ತೆ ಬಂದ.

ಆಗ ತಂಗಿ ತನ್ನ ಬಂಗಾರದ ಪಾಟ್ಲಿ ಬಳೆ ಮಾರಿ ನಮ್ಮ ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿದಳು. ಯಾರನ್ನೂ ಕೇಳಲಿಲ್ಲ. ನಮ್ಮ ಊರಿನಲ್ಲಿ ಮಾಳಿಗೆಯ ಮೇಲಿನ ಕೋಣೆಗೆ ಯಾರು ಯಾರನ್ನು ಕೇಳಿದ್ದಾರೆ? ಕೋಣೆಯ ಒಂದು ಮೂಲೆಗೆ ತಂತಿ ತೀರ ಹತ್ತಿರವಿತ್ತು, ಅದು ನಿಜ. ಅವಳು ಆ ಬದಿಗೆ ಕಿಟಕಿ ಇಡಿಸಲಿಲ್ಲ, ಬಟ್ಟೆ ಒಣಹಾಕಲಿಲ್ಲ. ಆದರೆ ಮೆಟ್ಟಿಲಿನ ಬದಿಗೆ ಗಟ್ಟಿಯಾದ ಬಾಗಿಲು ಹಾಕಿಸಿ, ಒಳಗಿನಿಂದ ನನ್ನ ಹೆಬ್ಬೆರಳಿನಷ್ಟು ದಪ್ಪದ ಚಿಲಕ ಜಡಿಸಿದಳು. ಮೊದಲ ದಿನ ನನ್ನನ್ನು ಹೊರಗೆ ನಿಲ್ಲಿಸಿ, ಚಿಲಕ ಹಾಕಿ, "ದಬ್ಬಕ್ಕಾ, ಜೋರ್ ದಬ್ಬು" ಎಂದು ಒಳಗಿನಿಂದ ಕೂಗಿದಳು. ನಾನು ಮೈಯೆಲ್ಲ ಹಾಕಿ ದಬ್ಬಿದೆ. ಅದು ಅಲುಗಲಿಲ್ಲ. ಒಳಗೆ ಅವಳು ನಗುವುದು ಕೇಳಿತು. ಅವಳು ನಮ್ಮ ಮನೆಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಗಂಡ ಆಮೇಲೂ ಬಂದ. ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದ, ಮೆಟ್ಟಿಲು ಹತ್ತಿ ಬಾಗಿಲು ಒದ್ದ. ಅವಳು ಒಳಗೆ ಮಷೀನು ತುಳಿಯುತ್ತಲೇ ಇದ್ದಳಂತೆ. ಒದ್ದು ಒದ್ದು ಸಾಕಾಗಿ ಹೋದ.

ಹೋದ ಬೇಸಿಗೆಯಲ್ಲಿ ಮೂಲೆ ಮನೆಯ ಕಾಕು ಒಗೆದ ಕೌದಿಯನ್ನು ಮಾಳಿಗೆಯ ಮೇಲೆ ಒಣಹಾಕಲು ಹೋದಳು. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಹಸಿ ಕೌದಿ ಭಾರ, ಬೀಸಿ ಎಸೆಯಬೇಕು. ಅದರ ಅಂಚು ಜೋತುಬಿದ್ದ ತಂತಿಗೆ ತಾಗಿತು. ಕಾಕು ಬದುಕಿದಳು, ಬಲಗೈ ಬೆರಳುಗಳು ಹೋದಂತಾದವು. ಇವೆ, ಆದರೆ ಬಿಸಿಯೂ ಗೊತ್ತಾಗುವುದಿಲ್ಲ, ತಂಪೂ ಗೊತ್ತಾಗುವುದಿಲ್ಲ. ಓಣಿಯವರೆಲ್ಲ ಕರೆಂಟ್ ಆಫೀಸಿಗೆ ಹೋಗಿ ಗಲಾಟೆ ಮಾಡಿದೆವು. ಎಲ್ಲರಿಗಿಂತ ಮುಂದೆ ನಾನೇ ಇದ್ದೆ.

ಆಫೀಸಿನ ಸಾಹೇಬರು ಬಂದು ನೋಡಿದರು. ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ಓಣಿಯ ಆ ತುದಿಯಿಂದ ಈ ತುದಿಗೆ ನಡೆದರು. ನಮ್ಮ ಮಾಳಿಗೆಯ ಕೋಣೆ ಕಂಡು ನಿಂತರು.

"ನೋಡ್ರಿ, ಎರಡೇ ದಾರಿ ಅವ" ಎಂದರು. "ಒಂದ್, ಓಣ್ಯಾಗ ತೆಗ್ಗು ತೆಗದು ಕೇಬಲ್ ನೆಲದಾಗ ಹಾಕೋದು. ಮ್ಯಾಗ ಏನೂ ಇರಂಗಿಲ್ಲ. ಎರಡ್, ಎತ್ತರ ಕಂಬ ಹಾಕಿ ಮ್ಯಾಗೇ ಒಯ್ಯೋದು. ಹಂಗ ಮಾಡಿದ್ರ ಒಂದ್ ಕಂಬ ಇದೇ ಮನಿ ಮೂಲಿಗೆ ಬರ್ತದ, ಈ ಖೋಲಿ ಇಳಸ್ಬೇಕಾಗ್ತದ, ಮುಂದ ಮಾಳಿಗಿ ಮ್ಯಾಗ ಏನೂ ಕಟ್ಟಂಗಿಲ್ಲ. ಯಾವ್ದಂತ ನೀವೇ ಎಲ್ಲಾರೂ ಕೂಡಿ ಹೇಳ್ರಿ. ಎಲ್ಲಾರೂ ಒಪ್ಪಬೇಕು ಮತ್ತ."

ಎಲ್ಲರೂ ಒಪ್ಪಬೇಕಂತೆ! ನಮ್ಮ ಓಣಿಯಲ್ಲಿ ನಲ್ಲಿ ನೀರು ಯಾರು ಮೊದಲು ಹಿಡಿಯಬೇಕೆಂದು ಇಂದಿನವರೆಗೆ ಎಲ್ಲರೂ ಒಪ್ಪಿದ್ದಿಲ್ಲ.

ಸಭೆ ಸೇರಿದ್ದು ಹಿಟ್ಟಿನ ಗಿರಣಿಯಲ್ಲಿ. ರಿಪೇರಿಗೆಂದು ಕರೆಂಟು ತೆಗೆದ ದಿನ ಗಿರಣಿ ನಿಂತಿರುತ್ತದೆ, ಕೂರಲು ಜಾಗವೂ ಇರುತ್ತದೆ. ಗಿರಣಿಯ ಮಾಲೀಕರನ್ನು ನಾವೆಲ್ಲ ಮಾಮಾ ಎನ್ನುತ್ತೇವೆ. ಅವರ ಮನೆ ನಮ್ಮದಕ್ಕೆ ಹತ್ತಿದ್ದು. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು, ಮಾತಿನಲ್ಲಿ ಯಾವಾಗಲೂ ನಿಧಾನ. ಅವರು ಮೊದಲೇ ಹೇಳಿಬಿಟ್ಟರು.

"ಹಾಸುಗಲ್ಲಿಗೆ ಕೈ ಹಚ್ಚಬ್ಯಾಡ್ರಿ. ಒಂದೇ ಹಾಸಿನ ಮ್ಯಾಗ ಎಲ್ಲಾ ಮನಿ ಕುಂತಾವ. ಒಂದ್ ಕಡಿ ಬಡದ್ರ ಎಲ್ಲಾ ಕಡಿ ಅಲಗಾಡ್ತದ. ಗ್ವಾಡಿ ಬಿದ್ದ್ರ ಯಾರ್ ಜಿಮ್ಮೇದಾರ್ರು?"

"ತಂತಿ ಬಿದ್ದ್ರ ಯಾರ್ ಜಿಮ್ಮೇದಾರ್ರು ಮಾಮಾ?" ಎಂದೆ ನಾನು. "ಕಾಕುನ ಕೈ ನೋಡ್ರಿ. ಇನ್ನ ಯಾರ್ದರೇ ಹೆಣ ಬೀಳ್ಬೇಕೇನು?"

"ಎತ್ತರ ಕಂಬ ಹಾಕ್ತಾರಲ್ಲವಾ. ಕೈಗಿ ಸಿಗಂಗಿಲ್ಲ ಅವು."

"ನನ್ನ ತಂಗಿ ಖೋಲಿ?"

ಮಾಮಾ ಹುಬ್ಬಿನ ಹಿಟ್ಟು ಒರೆಸಿಕೊಂಡರು. ಆಮೇಲೆ ಮಾತಾಡಿದ್ದು ಕಾಕು. ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅವಳ ಮನೆಯ ಗೋಡೆ ಹಳೆಯ ಖಣಿಯ ಸಿಡಿಮದ್ದಿನ ಕಾಲದಲ್ಲಿಯೇ ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಬೆರಳು ಹೋಗುತ್ತದೆ.

"ಮಗಳ, ನನ್ನ ಕೈ ಹ್ವಾದ್ರ ಹೋಯ್ತು, ಇನ್ನೊಂದ್ ಅದ" ಎಂದಳು. "ಗ್ವಾಡಿ ಹ್ವಾದ್ರ ನಾ ಎಲ್ಲಿ ಹೋಗ್ಲಿ?"

ತಂತಿಯಿಂದ ಸುಟ್ಟುಕೊಂಡವಳೇ ತಂತಿ ಮೇಲೆಯೇ ಇರಲಿ ಎಂದರೆ ಏನು ಹೇಳುವುದು? ಆದರೂ ಬಿಡಲಿಲ್ಲ. ಸಂಜೆಯ ತನಕ ವಾದ ಮಾಡಿದೆ. ಮೊದಲು ನಮ್ಮ ಮನೆಯ ಮುಂದೆಯೇ ಸ್ವಲ್ಪ ಅಗೆದು ನೋಡಲಿ, ಏನಾದರೂ ಆಗುವುದಿದ್ದರೆ ಮೊದಲು ನಮಗೇ ಆಗಲಿ ಎಂದೆ. ಆ ಮಾತಿಗೆ ಮಾಮಾ ತಲೆಯಾಡಿಸಿದರು. "ಹೆಣ್ಣಮಗಳ ಜಿಂದಗಿ ಪ್ರಶ್ನೆ ಅದ. ಒಂದ್ ಸಲ ನೋಡೇ ಬಿಡೋಣು" ಎಂದರು. ಮಾಮಾ ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು. ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಚಾ ಮಾಡಿ ಅದಕ್ಕೆ ಎರಡು ಸಲ ಸಕ್ಕರೆ ಹಾಕಿ ಕೊಟ್ಟಳು.

ಅಗೆಯುವ ಗುತ್ತೇದಾರ ಜಾಗ ನೋಡಲು ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ. ನಮ್ಮ ಮನೆಯವರು ಇದ್ದರು, ಓಣಿಯ ಅರ್ಧ ಮಂದಿಯೂ ಇದ್ದರು. ಗುತ್ತೇದಾರ ಹೊರಗಿನವನು. ಅವನು ಕೇಳಿದ ಒಂದೇ ಪ್ರಶ್ನೆ ಎಂದರೆ, "ಈ ಮನಿಗೋಳಿಗಿ ಪಾಯಾ ಎಷ್ಟ್ ಅದ ರೀ?"

ಮಾಮಾ ನಿಂತಲ್ಲಿಯೇ ಹೇಳಿದರಂತೆ, "ಎದಿಮಟ ಅದ ರೀ."

ಇದನ್ನು ನಮ್ಮ ಮನೆಯವರು ಆಮೇಲೆ ನನಗೆ ಹೇಳಿದಾಗ ನಾನು ಕೈಯಲ್ಲಿದ್ದ ಲೋಟ ನೆಲಕ್ಕೆ ಕುಕ್ಕಿದೆ. ಹಾಸುಗಲ್ಲಿಗೆ ಕೈ ಹಚ್ಚಬೇಡಿ ಎಂದು ಗಿರಣಿಯಲ್ಲಿ ಕೂತು ಹೇಳಿದವರೇ ಅವರು! ಆದರೆ ಹೊರಗಿನವನು ಪಾಯ ಕೇಳಿದ ಕೂಡಲೇ ಬಾಯಿ ತಾನಾಗಿಯೇ ಆ ಹಳೆಯ ಸುಳ್ಳು ಆಡಿಬಿಟ್ಟಿದೆ. ಸುತ್ತ ನಿಂತವರಲ್ಲಿ ಒಬ್ಬರೂ "ಇಲ್ಲ ರೀ" ಎನ್ನಲಿಲ್ಲ. ನಮ್ಮ ಮನೆಯವರೂ ಎನ್ನಲಿಲ್ಲ. ಕೇಳಿದರೆ, "ಮಂದಿ ಮುಂದ ಮಾಮಾರ ಮಾತು ಹ್ಯಾಂಗ ತೆಗದ್ಹಾಕ್ಲಿ?" ಎಂದರು. ಆದರೆ ಅವರು ಇದನ್ನು ನನಗೆ ಹೇಳಿದ್ದು ಅಗೆದಾದ ಮೇಲೆ. ಮೊದಲೇ ಹೇಳಿದ್ದರೆ ನಾನು ಸಾಹೇಬರ ಆಫೀಸಿಗೆ ಓಡುತ್ತಿದ್ದೆ.

ಎದೆಮಟ್ಟದ ಪಾಯ ಎಂದು ನಂಬಿ ಗುತ್ತೇದಾರ ದೊಡ್ಡ ಬ್ರೇಕರ್ ಮಷೀನು ತಂದ. ಅದು ನನ್ನ ವಾರದ ರಜೆಯ ದಿನ. ನಾನು, ತಂಗಿ ಇಬ್ಬರೂ ಕಟ್ಟೆಯ ಮೇಲೆ ನಿಂತಿದ್ದೆವು. ಮಷೀನಿನ ಮೂತಿ ಹಾಸುಗಲ್ಲಿಗೆ ತಾಗಿತು ನೋಡಿ, ಅಯ್ಯೋ ಶಿವನೇ! ನನ್ನ ಹಲ್ಲು ಕಟಕಟ ಎಂದವು. ನಮ್ಮ ಹಲಗೆಯ ಮೇಲಿನ ಪಾತ್ರೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಒಳಗೆ ಅತ್ತೆ "ಭೂಮಿ ಹೊಂಟದೋ" ಎಂದು ಕೂಗಿಕೊಂಡರು. ಸಾಲಿನುದ್ದಕ್ಕೂ ಪಾತ್ರೆ ಬೀಳುವ ಸದ್ದು. ಮಂದಿ ಹೊರಗೆ ಓಡಿ ಬಂದರು. ಎಲ್ಲರೂ ಕೈ ಬೀಸಿ ಕೂಗುತ್ತಿದ್ದರು, ಮಷೀನಿನವನಿಗೆ ಕೇಳಿಸುತ್ತಿರಲಿಲ್ಲ. ಮಾಮಾ ಓಡಿ ಹೋಗಿ ಅವನ ಭುಜ ಹಿಡಿದು ಎಳೆದ ಮೇಲೆ ಸದ್ದು ನಿಂತಿತು.

ಕಾಕುನ ಮನೆಯ ಬಿರುಕು ನೆಲದಿಂದ ಮಾಳಿಗೆಯವರೆಗೆ ಬಾಯಿ ತೆರೆದಿತ್ತು. ಮೇಲಿನ ಒಂದು ಫರಸಿ ಗೋಡೆಯಿಂದ ಜಾರಿ, ಅವಳು ದಿನಾ ಕೂತು ಜೋಳ ಹಸನು ಮಾಡುವ ಜಾಗದಲ್ಲಿ ಬಿದ್ದು ಎರಡು ಹೋಳಾಗಿತ್ತು. ಅವಳು ಆ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ನಿಂತಿದ್ದಳು, ಅದಕ್ಕೆ ಉಳಿದಳು. ಬಿದ್ದ ಕಲ್ಲನ್ನು ನೋಡಿ ಅವಳು ಅಳಲಿಲ್ಲ. ಸೆರಗಿನಿಂದ ಜೋಳದ ಮೊರದ ಮೇಲಿನ ಧೂಳು ಜಾಡಿಸಿದಳು.

ಗುತ್ತೇದಾರ ತಲೆಯ ಮೇಲೆ ಕೈ ಹೊತ್ತು ನಿಂತ. "ಪಾಯಾ ಇಲ್ಲಂತ ಮೊದ್ಲೇ ಅನಬಾರ್ದೇನ್ರೀ? ಕೊಯ್ಯೋ ಮಷೀನ್ ತರ್ತಿದ್ದೆ. ಟೈಮ್ ಹಿಡೀತಿತ್ತು, ಆದ್ರ ಹಿಂಗ ಬಡಿತಾ ಇರ್ತಿರಲಿಲ್ಲ."

"ಹಂಗಾದ್ರ ಈಗ ಅದನ್ನೇ ತರ್ರಿ" ಎಂದೆ ನಾನು.

ಓಣಿಯವರೆಲ್ಲ ನನ್ನ ಕಡೆ ತಿರುಗಿದರು. ಆ ಮುಖಗಳನ್ನು ನೋಡಿಯೇ ನನಗೆ ಗೊತ್ತಾಯಿತು. ಇನ್ನು ಇವರ ಕೈಯಲ್ಲಿ ಹೂವಿನ ಎಸಳಿನಿಂದ ಅಗೆಯುತ್ತೇವೆಂದರೂ ಹೂಂ ಎನ್ನಿಸಲು ಆಗುವುದಿಲ್ಲ. ಮಾಮಾ ಮಾತ್ರ ನನ್ನನ್ನು ನೋಡಲಿಲ್ಲ. ಕಾಲ ಹೆಬ್ಬೆರಳಿನಿಂದ ಕಲ್ಲಿನ ಪುಡಿ ಸರಿಸುತ್ತ ನಿಂತಿದ್ದರು.

ಎರಡನೆಯ ಸಭೆ ಗಿರಣಿಯೊಳಗೆ ಹೋಗುವ ಮೊದಲೇ ಮುಗಿದಿತ್ತು. ತಂತಿ ಮೇಲೆಯೇ ಹೋಗಲಿ, ಎತ್ತರದ ಕಂಬ ಹಾಕಲಿ. ಕಾಕುನ ಮಾಳಿಗೆಯನ್ನು ಎಲ್ಲರೂ ಸೇರಿ ಸರಿ ಮಾಡಿಕೊಡುವುದು. ನಾನು ಎದ್ದು ನಿಂತು ಒಬ್ಬೊಬ್ಬರನ್ನೂ ಬೈದೆ. ಮಾಮಾನ ಮುಂದೆ ನಿಂತು, "ಪಾಯಾ ಇಲ್ಲ ಅಂದಿದ್ರ ನಿಮ್ಮ ಹುಬ್ಬಿನ ಹಿಟ್ಟು ಉದರತಿತ್ತೇನು? ಯಾರ ಬೀಗರು ಬಂದಿದ್ರು ಅವತ್ತ, ಕನ್ಯಾ ನೋಡ್ಲಿಕ್ಕ?" ಎಂದು ಕೇಳಿದೆ. ದೊಡ್ಡವರಿಗೆ ಹಾಗೆ ಅನ್ನಬಾರದು. ಅಂದೆ. ಅವರು ತಲೆ ತಗ್ಗಿಸಿ, "ಬಾಯಿಂದ ಬಂದ್ಬಿಡ್ತವಾ" ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ನನ್ನ ಸಂಕಟ ಏನೆಂದರೆ, ಅವರು ಹೆದರಿದ್ದು ಸುಳ್ಳಲ್ಲ. ಬಿದ್ದ ಫರಸಿಯನ್ನು ನಾನೇ ನೋಡಿದ್ದೇನೆ. ಕಾಕು ದಿನಾ ಕೂರುವ ಜಾಗ ಅದು. ಅವರು ಕೇಳಿದ್ದು ಅವರವರ ಗೋಡೆ, ನಾನು ಕೇಳಿದ್ದು ನನ್ನ ತಂಗಿಯ ಬಾಗಿಲು. ಪೂರಾ ತಪ್ಪು ಮಾಡಿದವರ ಮೇಲಾದರೆ ಸಿಟ್ಟು ನಿರಾಳವಾಗಿ ನಿಲ್ಲುತ್ತದೆ. ಇದು ನಿಲ್ಲಲೂ ಇಲ್ಲ, ಹೋಗಲೂ ಇಲ್ಲ.

ಕೋಣೆ ಇಳಿಸಲು ಕೂಲಿಯವರನ್ನು ಕರೆಯಬೇಕಾಗಲಿಲ್ಲ. ಓಣಿಯ ಗಂಡಸರೇ ಮುಂಜಾನೆ ಬಂದು ನಿಂತರು. ಎಲ್ಲರಿಗಿಂತ ಮೊದಲು ಮಾಮಾ. ಹುಟ್ಟಿದಾಗಿನಿಂದ ಕಲ್ಲು ಎತ್ತಿ ಇಳಿಸಿದ ಮಂದಿ, ಒಂದು ಫರಸಿಯೂ ಮುಕ್ಕಾಗದ ಹಾಗೆ ಇಳಿಸಿದರು. ಮೇಲಿನವನು "ಸಂಭಾಳಸ್ರಿ" ಎನ್ನುತ್ತಿದ್ದ, ಕೆಳಗಿನವನು "ಬರ್ಲಿ" ಎನ್ನುತ್ತಿದ್ದ, ಕಲ್ಲು ಕೈಯಿಂದ ಕೈಗೆ ಬರುತ್ತಿತ್ತು. ಅವರು ಎಷ್ಟು ಜೋಪಾನ ಮಾಡಿದರೋ ನನಗೆ ಅಷ್ಟು ಉರಿಯಿತು. ಇಷ್ಟು ಮೆಲ್ಲಗೆ ಕಲ್ಲು ಮುಟ್ಟಲು ಬರುವವರ ಓಣಿಯಲ್ಲಿ ಆ ಮಷೀನಿನ ಮೂತಿ ಬಂದು ಕುಟ್ಟಿತಲ್ಲ ಎಂದು.

ಕೊನೆಗೆ ಬಾಗಿಲು ಇಳಿಯಿತು. ಅದನ್ನು ಪಡಸಾಲೆಗೆ ಕೂರಿಸಬಹುದೇ ಎಂದು ಮಾಮಾ ಹೊತ್ತು ತಂದು ಅಳತೆ ನೋಡಿದರು. ಪಡಸಾಲೆಯ ಕಲ್ಲಿನ ಕಂಬಗಳ ಮೇಲೆಯೇ ಇಡೀ ಮಾಳಿಗೆಯ ಭಾರವಿದೆ. ಅವಕ್ಕೆ ತೂತು ಕೊರೆದರೆ ಸೀಳುತ್ತವೆ ಎಂದು ಕೋಣೆ ಕಟ್ಟಿದ ಗೌಂಡಿ ಮೊದಲೇ ಹೇಳಿದ್ದ, ಗ್ರಿಲ್ ಮಾಡುವವನೂ ಅದನ್ನೇ ಹೇಳಿ ಹೋಗಿದ್ದ. ಮಾಮಾ ಬಾಗಿಲನ್ನು ಗೋಡೆಗೆ ಒರಗಿಸಿ ಇಟ್ಟು, ಕೈ ತೊಳೆಯದೆ, ನಾವು ಕೊಟ್ಟ ಚಾ ಕುಡಿಯದೆ ಹೋದರು. ತಂಗಿ ಬಾಗಿಲಿನ ಮುಂದೆ ಕೂತು ಚಿಲಕದ ಮೊಳೆಗಳನ್ನು ಬಿಚ್ಚಿದಳು. ಚಿಲಕವನ್ನು ಸೀರೆಯಿಂದ ಒರೆಸಿ ಮಷೀನಿನ ಡ್ರಾದಲ್ಲಿ ಇಟ್ಟಳು.

"ಅತ್ತಿ ಖೋಲ್ಯಾಗ ಕುಂದ್ರು, ನಾ ಬರೂಮಟ ಕದ ಹಾಕ್ಕೊಂಡಿರು" ಎಂದೆ.

"ಎಷ್ಟ್ ದಿನ ಅಕ್ಕಾ? ಬಟ್ಟಿ ಹೊಲಿಸ್ಲಿಕ್ಕಿ ಬಂದವ್ರಿಗಿ ಕದದ ಸಂದ್ಯಾಗಿಂದ ಅಳತಿ ತಗೋಲೇನು?" ಎಂದು ಕೇಳಿದಳು. ಮಷೀನನ್ನು ಪಡಸಾಲೆಯಲ್ಲಿ, ಒರಳಿನ ಬದಿಗೆ ಇಟ್ಟಳು.

ಅದು ಮೆಣಸಿನಕಾಯಿ ಒಣಗುವ ಕಾಲ. ಎಲ್ಲರ ಮಾಳಿಗೆಯೂ ಕೆಂಪಗಿತ್ತು. ಹಿಂದಿನ ದಿನದವರೆಗೆ ಸಾಲಿನಲ್ಲಿ ಯಾವುದಾದರೊಂದು ಮನೆಯಲ್ಲಿ ಒನಕೆ ಬೀಳುತ್ತಲೇ ಇತ್ತು, ಗಾಳಿಗೆಲ್ಲ ಖಾರದ ಘಾಟು. ಆ ಸಂಜೆ ಚಪಾತಿಯ ಹಿಟ್ಟು ನಾದುತ್ತ ಕೂತಿದ್ದಾಗ ನೆಲ ಸುಮ್ಮನಿದ್ದದ್ದು ಗಮನಕ್ಕೆ ಬಂತು. ತಂಬಿಗೆ ಅಲುಗುತ್ತಿರಲಿಲ್ಲ. ಹೊರಗೆ ಬಂದು ನೋಡಿದೆ. ಪಕ್ಕದ ಮನೆಯ ಪಡಸಾಲೆಯಲ್ಲಿ ಒರಳಿನ ಬಾಯಿಗೆ ಫರಸಿ ಮುಚ್ಚಿತ್ತು. ಅದರಾಚೆಯ ಮನೆಯಲ್ಲೂ ಮುಚ್ಚಿತ್ತು. ಮೂಲೆಯ ತನಕ ನಡೆದು ಹೋದೆ. ಎಲ್ಲ ಒರಳಿಗೂ ಫರಸಿ.

ನೆತ್ತಿಗೇರಿತು ನನಗೆ. ನನ್ನ ತಂಗಿ ಸತ್ತಿದ್ದಾಳೇನು? ಕೋಣೆ ತೆಗೆದದ್ದೂ ಅವರೇ, ಈಗ ಶೋಕ ಮಾಡುವವರೂ ಅವರೇ. ಮನೆಗೆ ಬಂದು, ಮಾಳಿಗೆಯ ಮೇಲಿನ ನಮ್ಮ ಮೆಣಸಿನಕಾಯಿಯನ್ನು ಸೆರಗಿನ ತುಂಬ ತುಂಬಿಕೊಂಡು ಬಂದು ಒರಳಿಗೆ ಸುರಿದೆ. ಒನಕೆ ತೆಗೆದುಕೊಂಡೆ.

"ಅಕ್ಕಾ, ಇವತ್ತ ಯಾರೂ ಕುಟ್ಟವಲ್ರು" ಎಂದಳು ತಂಗಿ.

"ಯಾರ್ ಸತ್ತಾರಂತ?"

ಅವಳು ನನ್ನ ಮುಖ ನೋಡಿದಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒರಳಿನ ಎದುರಿಗೆ ಕೂತು, ಹೊರಗೆ ಚಿಮ್ಮಿದ ಮೆಣಸಿನಕಾಯಿಗಳನ್ನು ಒಳಗೆ ತಳ್ಳತೊಡಗಿದಳು. ನಾನು ಕುಟ್ಟಿದೆ. ಮಾಮಾನ ಮನೆಯ ಪಾತ್ರೆ ನಡುಗಲಿ, ಎಲ್ಲರ ಮನೆಯ ಪಾತ್ರೆಗಳೂ ನಡುಗಲಿ ಎಂದು ಕುಟ್ಟಿದೆ. ಕಣ್ಣು ಮೂಗು ಸುರಿಯುತ್ತಿದ್ದವು. ಅದರಲ್ಲಿ ಖಾರದ್ದೆಷ್ಟು ನನ್ನದೆಷ್ಟು ಎಂದು ನೋಡುವ ವ್ಯವಧಾನ ಇರಲಿಲ್ಲ. ಯಾರೂ ಬಂದು ನಿಲ್ಲಿಸು ಎನ್ನಲಿಲ್ಲ. ತಂಗಿ ಪುಡಿಯನ್ನು ಬೊಗಸೆಯಲ್ಲಿ ತೆಗೆದು ಮೊರಕ್ಕೆ ಹಾಕಿದಳು. ನನ್ನ ಕೈ ನಿಲ್ಲಲಿಲ್ಲ, ಖಾಲಿ ಒರಳಿನ ಮೇಲೆಯೇ ಒನಕೆ ಬಿತ್ತು. ಒನಕೆಯ ತುದಿಯ ಕಬ್ಬಿಣದ ಬಳೆ ನೇರ ಕಲ್ಲಿಗೆ ಬಡಿದು ಖಣ್ ಎಂದಿತು. ಖಾಲಿ ಒರಳನ್ನು ನಮ್ಮಲ್ಲಿ ಯಾರೂ ಕುಟ್ಟುವುದಿಲ್ಲ, ಮನೆಗೆ ಕೆಟ್ಟದ್ದು ಎನ್ನುತ್ತಾರೆ.

ತಂಗಿ ನನ್ನ ಕೈ ಹಿಡಿದಳು. ಮೂಗಿಗೆ ಕಟ್ಟಿದ ಸೆರಗು ಸರಿಸಿದಳು.

"ಅಕ್ಕಾ, ಖಾಲಿ ಒಳ್ಳದ ಸಪ್ಪಳ ಬ್ಯಾರೇನೇ ಅದ ನೋಡು. ಇದು ಎಲ್ಲಾರ್ ಮನೀಗೂ ಕೇಳಸ್ತದಲ್ಲಾ?"

"ಕೇಳಸ್ತದ."

"ಅಂವ ಬಂದ್ರ ನಾ ಇದನ್ನ ಕುಟ್ಟತೀನಿ. ಹಾಸಂತೂ ಒಡೀಲಾರ್ದ ಉಳದದಲ್ಲಾ, ಸಪ್ಪಳ ಒಯ್ತದ, ಅಷ್ಟಾದ್ರೂ ಆಗ್ಲಿ."

ಅದನ್ನು ಅವಳು ಅಳುತ್ತ ಹೇಳಲಿಲ್ಲ, ವ್ಯಂಗ್ಯವಾಗಿಯೂ ಹೇಳಲಿಲ್ಲ. ಬ್ಲೌಸಿನ ತೋಳಿಗೆ ಬಟ್ಟೆ ಸಾಲುತ್ತದೋ ಇಲ್ಲವೋ ಎಂದು ನೋಡುವಾಗ ಹೇಗೆ ಹೇಳುತ್ತಾಳೋ ಹಾಗೆ ಹೇಳಿದಳು. ನಾನು ಒನಕೆಯನ್ನು ಅವಳ ಕೈಗೆ ಕೊಟ್ಟೆ.

ಮರುದಿನ ಡ್ಯೂಟಿಗೆ ಹೋಗುವ ಮೊದಲು ನಾನು ಮನೆ ಮನೆಗೆ ಹೋದೆ. ಯಾರನ್ನೂ ಬೈಯಲಿಲ್ಲ. "ಖಾಲಿ ಒಳ್ಳ ಕುಟ್ಟೋ ಸಪ್ಪಳ ಕೇಳಿದ್ರ ಓಡಿ ಬರ್ಬೇಕು. ಏನ್ ಕೆಲಸ ಇದ್ರೂ ಬಿಟ್ಟು ಬರ್ಬೇಕು" ಎಂದೆ. ಮಾಮಾ ಗಿರಣಿಯ ಚಕ್ರಕ್ಕೆ ಬೆಲ್ಟಿನ ಪಟ್ಟಿ ಹಾಕುತ್ತಿದ್ದವರು ಎದ್ದು ನಿಂತು, "ಬರ್ತೀನವಾ" ಎಂದರು. ಗಿರಣಿ ನಡೆಯುವಾಗ ನಿಮಗೆ ಕೇಳಿಸುತ್ತದೆಯೇ ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಅವರೂ ಅದನ್ನೇ ಯೋಚಿಸುತ್ತಿದ್ದರು. ಕಾಕು ತನ್ನ ಹೊಸದಾಗಿ ಮೆತ್ತಿದ ಗೋಡೆಯ ಕೆಳಗೆ ಕೂತಿದ್ದಳು. "ನಾ ಬರ್ತೀನಿ ಮಗಳ. ಎಡಗೈಲೇನೂ ಕೊಡ ಎತ್ತಲಿಕ್ಕಿ ಬರ್ತದ" ಎಂದಳು.

ಎತ್ತರದ ಕಂಬ ಈಗ ನಮ್ಮ ಮನೆಯ ಮೂಲೆಯಲ್ಲಿ ನಿಂತಿದೆ. ತಂತಿ ಯಾರ ಕೈಗೂ ಸಿಗುವುದಿಲ್ಲ. ಅವನು ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ತಂಗಿ ಹಾಗೆ ಹೇಳುವುದಿಲ್ಲ, ಒನಕೆಯನ್ನು ಮಷೀನಿಗೆ ಒರಗಿಸಿಟ್ಟುಕೊಂಡು ಹೊಲಿಯುತ್ತಾಳೆ. ಒರಳಿನಲ್ಲಿ ಏನನ್ನೂ ಇಡುವುದಿಲ್ಲ, ದಿನಾ ಮುಂಜಾನೆ ಅದನ್ನು ಒರೆಸಿ ಖಾಲಿ ಇಡುತ್ತಾಳೆ.

ನಾನು ವಾಡಿಗೆ ಹೋಗಿ ಕಿಟಕಿಯ ಹಿಂದೆ ಕೂರುತ್ತೇನೆ. ಚಿತ್ತಾಪುರ, ಸೇಡಂ, ಟಿಕೆಟ್ ಕೊಡುತ್ತೇನೆ, ಚಿಲ್ಲರೆಗೆ ಜಗಳ ಆಡುತ್ತೇನೆ. ವಾಡಿಯ ನೆಲದ ಕೆಳಗೂ ಇದೇ ಕಲ್ಲಿದೆ. ನಮ್ಮ ಓಣಿಯ ಹಾಸು ಇಲ್ಲಿಯತನಕ ಬಂದಿಲ್ಲ ಎಂದು ನನಗೆ ಗೊತ್ತು, ನಾನೇನು ದಡ್ಡಿಯಲ್ಲ. ಆದರೂ ಕುರ್ಚಿಯ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿಯೇ ಕೂರುತ್ತೇನೆ. ಗೂಡ್ಸ್ ಗಾಡಿ ಹಾದುಹೋದಾಗಲೆಲ್ಲ ನೆಲ ನಡುಗುತ್ತದೆ, ನಾನು ಟಿಕೆಟ್ ಕೊಡುವುದನ್ನು ನಿಲ್ಲಿಸಿಬಿಡುತ್ತೇನೆ, ಕಿಟಕಿಯ ಆಚೆಯವರು "ಏನಾಯ್ತ್ರಿ ಮೇಡಂ, ಲಗೂ ಕೊಡ್ರಿ" ಎಂದು ಕೂಗುತ್ತಾರೆ.